ಮಗು ಓದಿನಲ್ಲಿ ಹಿಂದೆ ಬಿದ್ದಿದೆಯಾ? ಟ್ಯೂಷನ್‌ಗಿಂತ ಮೊದಲು ಕಣ್ಣು ನೋಡಿ: ಹಂತ ಹಂತದ ಮಾರ್ಗದರ್ಶಿ

ಮಗುವಿನ ಮಾರ್ಕ್ಸ್ ಇಳಿಯಿತು ಅಂದರೆ ಹೆಚ್ಚಿನ ಮನೆಗಳಲ್ಲಿ ಆಗುವುದು ಇಷ್ಟು. ಮೊದಲು ಬೈಗುಳ, ಆಮೇಲೆ ಟ್ಯೂಷನ್, ಅದೂ ಸಾಲದಿದ್ದರೆ ಮೊಬೈಲ್ ಬಂದ್. ಕಣ್ಣಿನ ನೆನಪಾಗುವುದು ಕಟ್ಟಕಡೆಗೆ. ಆಗಲೂ ‘ಬೋರ್ಡ್ ಕಾಣಿಸುತ್ತಾ?’ ಅಂತ ಒಂದು ಮಾತು ಕೇಳುತ್ತೇವೆ. ಮಗು ‘ಹೂಂ’ ಅನ್ನುತ್ತದೆ. ವಿಷಯ ಅಲ್ಲಿಗೆ ಮುಗಿಯಿತು.

ಆ ‘ಹೂಂ’ ಸುಳ್ಳಲ್ಲ. ಮೊದಲಿನಿಂದಲೂ ಮಸುಕಾಗಿಯೇ ನೋಡಿದ ಮಗುವಿಗೆ ಸ್ಪಷ್ಟ ಅಂದರೆ ಹೇಗಿರುತ್ತದೆ ಅಂತ ಗೊತ್ತಿರುವುದಿಲ್ಲ. ಎಲ್ಲರಿಗೂ ಹೀಗೇ ಕಾಣುತ್ತದೆ ಅಂದುಕೊಂಡಿರುತ್ತದೆ. ಒಂದೇ ಕಣ್ಣಿನಲ್ಲಿ ತೊಂದರೆ ಇದ್ದರಂತೂ ಇನ್ನೊಂದು ಕಣ್ಣು ಎಲ್ಲ ಕೆಲಸ ಮಾಡಿಬಿಡುತ್ತದೆ. ಮಗುವಿಗೆ ಅನುಮಾನವೇ ಬರುವುದಿಲ್ಲ.

ನನ್ನ ಮಗನ ವಿಷಯದಲ್ಲಿ ನಾನೂ ಇದೇ ತಪ್ಪು ಮಾಡಿದೆ. ಮೂರನೇ ಕ್ಲಾಸಿನ ಲೆಕ್ಕದ ನೋಟ್‌ಬುಕ್ಕಿನಲ್ಲಿ ಸಾಲು ಸಾಲು ತಪ್ಪು ಗುರುತು. ಕಳೆಯುವುದನ್ನು ಮತ್ತೆ ಮತ್ತೆ ಹೇಳಿಕೊಟ್ಟೆ, ರೇಗಿದೆ. ಒಂದು ದಿನ ಪಕ್ಕದ ಮನೆ ಹುಡುಗಿಯ ನೋಟ್‌ಬುಕ್ ಜೊತೆಗಿಟ್ಟು ನೋಡಿದಾಗ ಗೊತ್ತಾಯಿತು. ಬೋರ್ಡ್ ಮೇಲೆ ಇದ್ದದ್ದು 63 − 28. ಇವನು ಬರೆದುಕೊಂಡಿದ್ದು 83 − 26. ಉತ್ತರ 57. ಅವನು ಬರೆದುಕೊಂಡ ಲೆಕ್ಕಕ್ಕೆ ಅದು ಸರಿಯಾದ ಉತ್ತರವೇ! ಕಳೆಯುವುದು ಅವನಿಗೆ ಬರುತ್ತಿತ್ತು. 6 ಮತ್ತು 8 ಮಾತ್ರ ಬೇರೆ ಬೇರೆಯಾಗಿ ಕಾಣುತ್ತಿರಲಿಲ್ಲ.

ಇಲ್ಲಿ ಏನು ಮಾಡುತ್ತೀರಿ ಅನ್ನುವಷ್ಟೇ ಯಾವುದು ಮೊದಲು ಅನ್ನುವುದೂ ಮುಖ್ಯ. ಹಂತಗಳನ್ನು ದಯವಿಟ್ಟು ಹಿಂದೆ ಮುಂದೆ ಮಾಡಬೇಡಿ.

## ಮೊದಲಿಗೆ: ಇವಿದ್ದರೆ ಕೆಳಗಿನ ಯಾವ ಹಂತವೂ ಬೇಡ, ಇವತ್ತೇ ಹೊರಡಿ

ಫ್ಲ್ಯಾಶ್ ಹಾಕಿ ತೆಗೆದ ಫೋಟೋಗಳಲ್ಲಿ ಒಂದು ಕಣ್ಣಿನ ಪಾಪೆ ಮಾತ್ರ ಬೆಳ್ಳಗೆ ಹೊಳೆಯುತ್ತಿದೆಯಾ? ಅದು ಪೊರೆ ಇರಬಹುದು, ಕಣ್ಣಿನೊಳಗಿನ ಗಡ್ಡೆಯೂ ಇರಬಹುದು. ಇದ್ದಕ್ಕಿದ್ದಂತೆ ಮೆಳ್ಳೆಗಣ್ಣು ಬಂದರೆ, ಇದ್ದಕ್ಕಿದ್ದಂತೆ ಒಂದು ವಸ್ತು ಎರಡಾಗಿ ಕಾಣತೊಡಗಿದರೆ, ರೆಪ್ಪೆ ಜೋತು ಬಿದ್ದರೆ ಕಾಯಬೇಡಿ. ನಿದ್ದೆಯಿಂದ ಎಬ್ಬಿಸುವ ತಲೆನೋವು, ಬೆಳಗ್ಗೆ ಎದ್ದ ತಕ್ಷಣ ವಾಂತಿ, ಕಣ್ಣಿಗೆ ಬಿದ್ದ ಪೆಟ್ಟು, ಕೆಂಪಾಗಿ ನೋಯುವ ಕಣ್ಣು ಇವೂ ಅದೇ ಪಟ್ಟಿಗೆ ಸೇರುತ್ತವೆ. ಇವು ಮನೆಯಲ್ಲಿ ಪರೀಕ್ಷೆ ಮಾಡಿ ನೋಡುವ ವಿಷಯಗಳಲ್ಲ.

## ಬೇಕಾದ ಸಾಮಾನು

ಮಗುವಿನ ಇತ್ತೀಚಿನ ನೋಟ್‌ಬುಕ್‌ಗಳು, ಅಳತೆ ಟೇಪು, ಮಿಲಿಮೀಟರ್ ಗುರುತಿರುವ ಸ್ಕೇಲ್, ಬಿಳಿ ಹಾಳೆ, ಕಪ್ಪು ಪೆನ್, ಪೆನ್ಸಿಲ್. ಒಂದು ಕಣ್ಣು ಮುಚ್ಚಲು ಮೆಡಿಕಲ್ ಶಾಪಿನಲ್ಲಿ ಸಿಗುವ ಅಂಟುವ ಪ್ಯಾಚ್, ಇಲ್ಲದಿದ್ದರೆ ಮಡಚಿದ ಟಿಶ್ಯೂ ಮತ್ತು ಚರ್ಮಕ್ಕೆ ಅಂಟಿಸುವ ಪೇಪರ್ ಟೇಪ್. ಬರೆದಿಡಲು ಒಂದು ಡೈರಿ. ಇಷ್ಟು ಸಾಕು.

## ಹಂತ 1: ಕೇಳಬೇಡಿ, ಒಂದು ವಾರ ಸುಮ್ನೆ ನೋಡಿ

ಮಗುವಿಗೆ ಹೇಳದೆ ಗಮನಿಸಿ. ಹೇಳಿದರೆ ನೆಟ್ಟಗೆ ಕೂತು ಚೆನ್ನಾಗಿ ಓದಿ ತೋರಿಸುತ್ತದೆ.

ದೂರದ್ದನ್ನು ನೋಡುವಾಗ ಕಣ್ಣು ಕಿರಿದು ಮಾಡುತ್ತದೆಯಾ? ಹಾಗೆ ಮಾಡಿದರೆ ಒಳಗೆ ಹೋಗುವ ಬೆಳಕಿನ ಕಿಂಡಿ ಸಣ್ಣದಾಗಿ ಮಸುಕು ಸ್ವಲ್ಪ ಕಡಿಮೆಯಾಗುತ್ತದೆ. ಮಗು ತಾನಾಗಿಯೇ ಕಂಡುಕೊಂಡ ಉಪಾಯ ಅದು. ತಲೆಯನ್ನು ಯಾವಾಗಲೂ ಒಂದೇ ಕಡೆ ವಾಲಿಸಿ ನೋಡುತ್ತದೆಯಾ? ಓದುವಾಗ ಸಾಲು ತಪ್ಪಿ, ಓದಿದ ಸಾಲನ್ನೇ ಮತ್ತೆ ಓದುತ್ತದೆಯಾ? ಶಾಲೆಯ ದಿನ ಸಂಜೆ ತಲೆನೋವು, ರಜೆಯಲ್ಲಿ ಮಾತ್ರ ಏನೂ ಇಲ್ಲವಾ?

ಒಂದು ಲಕ್ಷಣ ಮಾತ್ರ ಎಲ್ಲರ ಕಣ್ಣು ತಪ್ಪಿಸುತ್ತದೆ. ಮಗು ಮೇಜಿನ ಮೇಲೆ ಕೈ ಮಡಚಿ, ಅದರ ಮೇಲೆ ಕೆನ್ನೆ ಊರಿ ಬರೆಯುತ್ತದೆ. ನಮಗೆ ಸೋಮಾರಿತನ ಕಾಣುತ್ತದೆ, ‘ನೆಟ್ಟಗೆ ಕೂತ್ಕೋ’ ಅಂತ ಗದರುತ್ತೇವೆ. ಬಗ್ಗಿ ನೋಡಿ. ಪ್ರತಿ ಸಲವೂ ಅದೇ ಒಂದು ಕಣ್ಣು ತೋಳಿನ ಮರೆಯಲ್ಲಿದ್ದರೆ, ಎರಡು ಕಣ್ಣು ಜೊತೆಯಾಗಿ ಕೆಲಸ ಮಾಡಲು ಒದ್ದಾಡುತ್ತಿರಬಹುದು. ಮಗು ಒಂದನ್ನು ಮುಚ್ಚಿ ಜಗಳ ಬಿಡಿಸಿಕೊಂಡಿದೆ, ಅಷ್ಟೇ.

ಸಾಮಾನ್ಯ ತಪ್ಪು: ಟಿವಿ ಹತ್ತಿರ ಕೂರುವುದೊಂದನ್ನೇ ಹಿಡಿದು ತೀರ್ಮಾನಕ್ಕೆ ಬರುವುದು. ಕಣ್ಣು ಚೆನ್ನಾಗಿರುವ ಮಕ್ಕಳೂ ಹತ್ತಿರ ಕೂರುತ್ತವೆ. ಹಿಂದಕ್ಕೆ ಕೂರಿಸಿದಾಗ ತೆರೆಯ ಮೇಲಿನ ಅಕ್ಷರ ಓದಲು ಆಗುತ್ತದಾ ಅನ್ನುವುದನ್ನು ನೋಡಿ.

## ಹಂತ 2: ನೋಟ್‌ಬುಕ್ ಪಂಚನಾಮೆ

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಹೆಚ್ಚು ಉಪಯೋಗಕ್ಕೆ ಬರುವ ಹಂತ ಇದೇ. ಮಗು ಮೂರು ರೀತಿಯಲ್ಲಿ ಬರೆದ ಪುಟಗಳನ್ನು ಹುಡುಕಿ: ಬೋರ್ಡ್ ನೋಡಿ ಬರೆದದ್ದು, ಪುಸ್ತಕ ನೋಡಿ ಬರೆದದ್ದು, ಕೇಳಿಸಿಕೊಂಡು ಬರೆದದ್ದು, ಅಂದರೆ ಉಕ್ತಲೇಖನ. ಮೂರನ್ನೂ ಪಕ್ಕಪಕ್ಕ ಇಡಿ.

ಬೋರ್ಡಿನದು ಮಾತ್ರ ತಪ್ಪು, ಉಳಿದೆರಡು ಸರಿ ಇದ್ದರೆ ದೂರದ ನೋಟದ ಮೇಲೆ ಅನುಮಾನ ಪಡಿ. ಮೈನಸ್ ಪವರ್‌ನ ಮಕ್ಕಳಲ್ಲಿ ಹೀಗೆ ಕಾಣುವುದು ಜಾಸ್ತಿ.

ಬೋರ್ಡಿನದು ಪರವಾಗಿಲ್ಲ, ಪುಸ್ತಕ ನೋಡಿ ಬರೆದದ್ದು ಮೊದಲ ಹತ್ತು ಸಾಲು ಚೆನ್ನಾಗಿದ್ದು ಆಮೇಲೆ ಕೆಡುತ್ತಾ ಹೋಗಿದೆಯಾ? ಅಕ್ಷರ ದೊಡ್ಡದಾಗಿ, ಗೆರೆ ಬಿಟ್ಟು ಓಡಿ, ಪದಗಳೇ ಬಿಟ್ಟುಹೋಗಿವೆಯಾ? ಆಗ ಹತ್ತಿರದ ನೋಟ ದಣಿಯುತ್ತಿದೆ. ಜಾಸ್ತಿ ಪ್ಲಸ್ ಪವರ್ ಇರುವ ಮಕ್ಕಳು, ಎರಡು ಕಣ್ಣನ್ನು ಒಳಕ್ಕೆ ತಿರುಗಿಸಿ ಒಂದೇ ಕಡೆ ನಿಲ್ಲಿಸಲು ಕಷ್ಟಪಡುವ ಮಕ್ಕಳು ಹೀಗೆ ಬರೆಯುತ್ತಾರೆ.

ಉಕ್ತಲೇಖನದಲ್ಲೂ ಅಷ್ಟೇ ತಪ್ಪು, ಬಾಯಲ್ಲಿ ಹೇಳಿದ ಪದವನ್ನು ಅಕ್ಷರವಾಗಿ ಬಿಡಿಸಲೂ ಆಗುತ್ತಿಲ್ಲ ಅಂದರೆ ಕಣ್ಣೊಂದೇ ಕಾರಣ ಇರಲಾರದು. ಕಣ್ಣು ತೋರಿಸಿ, ಆದರೆ ಹಂತ 9ನ್ನು ಮರೆಯಬೇಡಿ.

ಕನ್ನಡದ ಪುಟಗಳಲ್ಲಿ ಇನ್ನೊಂದು ಅನುಕೂಲ ಇದೆ. ನಮ್ಮ ಅಕ್ಷರಗಳಲ್ಲಿ ಹಲವು ಜೋಡಿಗಳಿಗೆ ಒಂದು ಸಣ್ಣ ಗೆರೆಯಷ್ಟೇ ವ್ಯತ್ಯಾಸ. ದ–ಧ, ಪ–ಷ, ಧ–ಥ. ಒತ್ತಕ್ಷರಗಳಂತೂ ಸಾಲಿನ ಕೆಳಗೆ ಸಣ್ಣದಾಗಿ ಕೂತಿರುತ್ತವೆ. ಮಸುಕಾಗಿ ನೋಡುವ ಕಣ್ಣಿಗೆ ಮೊದಲು ಕಳೆದುಹೋಗುವುದು ಇವೇ. ಹಾಗಂತ ಹೊಸದಾಗಿ ಕಲಿಯುವ ಎಲ್ಲ ಮಕ್ಕಳೂ ಇಲ್ಲಿ ಎಡವುತ್ತಾರೆ, ಅಲ್ವಾ? ಅದಕ್ಕೆ ಒಂದು ಪರೀಕ್ಷೆ: ಅದೇ ಪದಗಳನ್ನು ಎರಡು ಬೆರಳಗಲ ದಪ್ಪಕ್ಷರದಲ್ಲಿ ಬರೆದು ಹತ್ತಿರದಿಂದ ತೋರಿಸಿ. ತಪ್ಪು ಮಾಯವಾದರೆ ಕಣ್ಣಿನ ಕಡೆ ಬೆರಳು ತೋರಿಸುತ್ತದೆ. ದಪ್ಪಕ್ಷರದಲ್ಲೂ ಅದೇ ತಪ್ಪಾದರೆ ಅಕ್ಷರವೇ ಇನ್ನೂ ಕೂತಿಲ್ಲ.

## ಹಂತ 3: ಒಂದೊಂದೇ ಕಣ್ಣಿನ ಪರೀಕ್ಷೆ

ಇಂಗ್ಲಿಷಿನ ದೊಡ್ಡ ‘ಇ’ (E) ಅಕ್ಷರದ ಆಕಾರ ನೆನಪಿಸಿಕೊಳ್ಳಿ. ಮೂರು ಹಲ್ಲಿನ ಬಾಚಣಿಗೆ ಇದ್ದಂತೆ. ಮಗುವಿಗೆ ಓದಲು ಬರಬೇಕಿಲ್ಲ, ಹಲ್ಲು ಯಾವ ಕಡೆ ತಿರುಗಿದೆ ಅಂತ ಕೈಯಲ್ಲಿ ತೋರಿಸಿದರೆ ಸಾಕು.

ಬಿಳಿ ಹಾಳೆಯ ಮೇಲೆ ಮೂರು ಅಳತೆಯಲ್ಲಿ ಬರೆಯಿರಿ. ಮೊದಲನೆಯದು 44 ಮಿ.ಮೀ. ಎತ್ತರ, ಇದು ಆಟ ಕಲಿಸಲು. ಎರಡನೆಯದು 8.7 ಮಿ.ಮೀ., ಮೂರನೆಯದು 6.5 ಮಿ.ಮೀ. ಎತ್ತರ ಎಷ್ಟೋ ಅಗಲವೂ ಅಷ್ಟೇ. ಗೆರೆಯ ದಪ್ಪ ಎತ್ತರದ ಐದನೇ ಒಂದು ಭಾಗ, ನಡುವಿನ ಖಾಲಿ ಜಾಗವೂ ಅಷ್ಟೇ. ಕೈಯಲ್ಲಿ ಇಷ್ಟು ಸಣ್ಣದಾಗಿ ಬರೆಯುವುದು ಕಷ್ಟ. ಕಂಪ್ಯೂಟರಿನಲ್ಲಿ ಮಾಡಿ ಪ್ರಿಂಟ್ ತೆಗೆದು ಸ್ಕೇಲ್ ಇಟ್ಟು ಅಳೆದು ನೋಡುವುದು ಒಳ್ಳೆಯದು. 3 ಮೀಟರ್ ದೂರದಿಂದ ನೋಡಿದಾಗ 8.7 ಮಿ.ಮೀ. ಅಕ್ಷರ ಡಾಕ್ಟರ ಚಾರ್ಟಿನ 6/12 ಸಾಲಿಗೆ, 6.5 ಮಿ.ಮೀ. ಅಕ್ಷರ 6/9 ಸಾಲಿಗೆ ಸಮ. 6/12 ಅಂದರೆ, ಒಳ್ಳೆಯ ಕಣ್ಣು 12 ಮೀಟರಿನಿಂದ ಓದುವುದನ್ನು 6 ಮೀಟರಿನಿಂದ ಓದುವುದು.

ಮಾಡುವ ಕ್ರಮ:

1. ಮಗುವಿನ ಕಣ್ಣಿನ ಮಟ್ಟಕ್ಕೆ ಹಾಳೆ ಅಂಟಿಸಿ. ಹಾಳೆಯ ಮೇಲೆ ಚೆನ್ನಾಗಿ ಬೆಳಕು ಬೀಳಲಿ, ಮಗುವಿನ ಎದುರಿಗೆ ಕಿಟಕಿ ಬೇಡ.
2. ಟೇಪಿನಲ್ಲಿ ಸರಿಯಾಗಿ 3 ಮೀಟರ್ ಅಳೆದು ಕುರ್ಚಿ ಇಡಿ. ಹೆಜ್ಜೆ ಲೆಕ್ಕ ಬೇಡ.
3. ಹತ್ತಿರದಿಂದ ದೊಡ್ಡ ಅಕ್ಷರದಲ್ಲಿ ಆಟ ಕಲಿಸಿ.
4. ಎಡಗಣ್ಣಿಗೆ ಪ್ಯಾಚ್ ಅಂಟಿಸಿ, ಬಲಗಣ್ಣಿನಲ್ಲಿ ನೋಡಿಸಿ. ಹಾಳೆಯನ್ನು ಬಿಡಿಸಿ, ತಿರುಗಿಸಿ ಅಂಟಿಸುತ್ತಾ ಪ್ರತಿ ಅಳತೆಗೆ ಐದು ಸಲ ಕೇಳಿ. ನಾಲ್ಕು ಸರಿ ಇದ್ದರೆ ಪಾಸ್.
5. ಇನ್ನೊಂದು ಕಣ್ಣಿಗೂ ಹಾಗೇ ಮಾಡಿ. ಎರಡರ ಫಲಿತಾಂಶವನ್ನೂ ಬೇರೆ ಬೇರೆಯಾಗಿ ಬರೆದಿಡಿ.

4–5 ವರ್ಷದ ಮಗು ಪ್ರತಿ ಕಣ್ಣಿನಲ್ಲೂ 8.7 ಮಿ.ಮೀ. ಅಕ್ಷರವನ್ನು ಹೇಳಬೇಕು. 6 ವರ್ಷ ದಾಟಿದ ಮಗು 6.5 ಮಿ.ಮೀ. ಅಕ್ಷರವನ್ನು ಹೇಳಬೇಕು. ಹೇಳದಿದ್ದರೆ, ಅಥವಾ ಒಂದು ಕಣ್ಣು ಸಲೀಸಾಗಿ ಹೇಳಿ ಇನ್ನೊಂದು ತಡವರಿಸಿದರೆ ಡಾಕ್ಟರ ಹತ್ತಿರ ಹೋಗಿ.

ಸಾಮಾನ್ಯ ತಪ್ಪು: ಕಣ್ಣನ್ನು ಕೈಯಿಂದ ಮುಚ್ಚಿಸುವುದು. ಬೆರಳ ಸಂದಿಯಲ್ಲಿ ಇಣುಕದ ಮಗು ನಾನಂತೂ ನೋಡಿಲ್ಲ. ಎರಡನೇ ತಪ್ಪು, ಅದೇ ಕ್ರಮದಲ್ಲಿ ಎರಡೂ ಕಣ್ಣಿಗೆ ತೋರಿಸುವುದು. ಮೊದಲ ಕಣ್ಣು ನೋಡಿದ್ದನ್ನು ಬಾಯಿಪಾಠ ಮಾಡಿ ಎರಡನೆಯದಕ್ಕೆ ಒಪ್ಪಿಸಿಬಿಡುತ್ತಾರೆ.

ಎಚ್ಚರಿಕೆಯ ಗುರುತು: ಒಂದು ಕಣ್ಣು ಮುಚ್ಚಿದರೆ ಸುಮ್ಮನಿರುವ ಮಗು ಇನ್ನೊಂದನ್ನು ಮುಚ್ಚಿದ ಕೂಡಲೇ ಅಳುತ್ತದೆ, ಪ್ಯಾಚ್ ಕಿತ್ತು ಹಾಕುತ್ತದೆ. ಹಟ ಅಂದುಕೊಳ್ಳಬೇಡಿ. ನೀವು ಮುಚ್ಚಿದ್ದು ಅದರ ಒಳ್ಳೆಯ ಕಣ್ಣನ್ನು ಇರಬಹುದು.

## ಹಂತ 4: ಹತ್ತಿರದ ನೋಟವನ್ನೂ ನೋಡಿ

ಇದನ್ನು ಬಿಡುವವರೇ ಜಾಸ್ತಿ. ‘ಶಾಲೆಯಲ್ಲಿ ಕಣ್ಣು ಚೆಕ್ ಮಾಡಿದ್ದರು, ಎಲ್ಲ ಸರಿ ಇದೆ ಅಂದರು’ ಅನ್ನುತ್ತಾರೆ. ಅಲ್ಲಿ ಸಾಮಾನ್ಯವಾಗಿ ನೋಡುವುದು ದೂರದ ಚಾರ್ಟ್ ಮಾತ್ರ. ಪ್ಲಸ್ ಪವರ್ ಇರುವ ಮಗು ಕಣ್ಣಿನೊಳಗಿನ ಸ್ನಾಯು ಬಿಗಿ ಮಾಡಿ ಆ ಚಾರ್ಟನ್ನು ಓದಿಬಿಡುತ್ತದೆ. ಐದು ನಿಮಿಷ ಬಿಗಿ ಹಿಡಿಯಬಹುದು. ಅರ್ಧ ಗಂಟೆ ಓದುವಾಗ ಆಗುವುದಿಲ್ಲ.

ಮಗುವಿಗೆ ಇಷ್ಟವಾದ ಪುಸ್ತಕ ಕೊಟ್ಟು 15 ನಿಮಿಷ ಜೋರಾಗಿ ಓದಿಸಿ. ಮೊದಲ ಮೂರು ನಿಮಿಷಕ್ಕೂ ಕೊನೆಯ ಮೂರು ನಿಮಿಷಕ್ಕೂ ವ್ಯತ್ಯಾಸ ಇದೆಯಾ ಕೇಳಿಸಿಕೊಳ್ಳಿ. ‘ಅಕ್ಷರ ಅಲ್ಲಾಡುತ್ತಿದೆ’, ‘ಎರಡೆರಡು ಕಾಣುತ್ತಿದೆ’ ಅಂದರೆ ನೆಪ ಅಂದುಕೊಳ್ಳದೆ ಅದೇ ಮಾತಿನಲ್ಲಿ ಬರೆದುಕೊಳ್ಳಿ.

ಆಮೇಲೆ ಪೆನ್ಸಿಲ್ ತುದಿಯನ್ನು ಮೂಗಿನ ನೇರಕ್ಕೆ ಹಿಡಿದು ನಿಧಾನವಾಗಿ ಹತ್ತಿರ ತನ್ನಿ. ಎರಡೂ ಕಣ್ಣು ಒಳಕ್ಕೆ ತಿರುಗುತ್ತಾ ಬರಬೇಕು. ಮೂಗಿಗೆ ಸುಮಾರು 6 ಸೆಂ.ಮೀ. ಹತ್ತಿರ ಬರುವವರೆಗೂ ಜೊತೆಯಾಗಿ ಇರುವುದು ಸಾಮಾನ್ಯ. ಅದಕ್ಕಿಂತ ತುಂಬಾ ಮೊದಲೇ ಒಂದು ಕಣ್ಣು ಹೊರಕ್ಕೆ ಜಾರಿದರೆ, ಮೂರು ಸಲ ಮಾಡಿದರೂ ಹಾಗೇ ಆದರೆ, ಅಳತೆ ಬರೆದಿಡಿ.

ಹಂತ 3 ಮತ್ತು 4 ಪಾಸಾದರೆ ಕಣ್ಣು ಸರಿ ಇದೆ ಅಂತ ಅರ್ಥ ಅಲ್ಲ. ಇವು ಅನುಮಾನ ಹುಟ್ಟಿಸಲು ಇರುವ ಪರೀಕ್ಷೆಗಳು, ಅನುಮಾನ ಕಳೆಯಲು ಅಲ್ಲ. ಹಂತ 1, 2ರಲ್ಲಿ ಏನಾದರೂ ಸಿಕ್ಕಿದ್ದರೆ ಹೇಗೂ ಮುಂದಿನ ಹಂತಕ್ಕೆ ಹೋಗಿ.

## ಹಂತ 5: ಡಾಕ್ಟರ ಹತ್ತಿರ ಹೋಗುವಾಗ

ಕನ್ನಡಕದ ಅಂಗಡಿಯ ಮಷಿನ್ ಮುಂದೆ ಗಲ್ಲ ಇಡಿಸಿ, ಬಂದ ಚೀಟಿಯ ನಂಬರಿಗೆ ಕನ್ನಡಕ ಮಾಡಿಸುವುದು ದೊಡ್ಡ ತಪ್ಪು. ಮಕ್ಕಳ ಕಣ್ಣಿನ ಮಸೂರ ತುಂಬಾ ಮೃದು. ಹತ್ತಿರಕ್ಕೆ ಫೋಕಸ್ ಮಾಡುವ ಶಕ್ತಿ ಜಾಸ್ತಿ. ಮಷಿನ್ ಒಳಗೆ ನೋಡುವಾಗ ಮಗು ಆ ಶಕ್ತಿಯನ್ನು ಬಳಸಿಬಿಡುತ್ತದೆ. ಇಲ್ಲದ ಮೈನಸ್ ಪವರ್ ಬರಬಹುದು, ಇರುವ ಪ್ಲಸ್ ಪವರ್ ಅಡಗಿಹೋಗಬಹುದು. ಅದಕ್ಕೇ ಕಣ್ಣಿಗೆ ಡ್ರಾಪ್ಸ್ ಹಾಕಿ, ಆ ಸ್ನಾಯುವನ್ನು ಸ್ವಲ್ಪ ಹೊತ್ತು ಸುಮ್ಮನಿರಿಸಿ ಪವರ್ ನೋಡಬೇಕು.

ಹೋಗುವಾಗ ಹಂತ 1ರಿಂದ 4ರ ಟಿಪ್ಪಣಿ, ಎರಡು ನೋಟ್‌ಬುಕ್, ಹಳೆಯ ಕನ್ನಡಕ ಇದ್ದರೆ ಅದನ್ನೂ ಒಯ್ಯಿರಿ. ಮಗು ದಿನ ತುಂಬುವ ಮೊದಲೇ ಹುಟ್ಟಿದ್ದರೆ ಹೇಳಿ. ಮನೆಯಲ್ಲಿ ಯಾರಿಗಾದರೂ ಚಿಕ್ಕಂದಿನಲ್ಲಿ ಮೆಳ್ಳೆಗಣ್ಣು, ದಪ್ಪ ಕನ್ನಡಕ ಇದ್ದರೂ ಹೇಳಿ. ‘ಮಗು ಓದಲ್ಲ’ ಅನ್ನಬೇಡಿ. ‘15 ನಿಮಿಷ ಓದಿದ ಮೇಲೆ ಸಾಲು ತಪ್ಪುತ್ತದೆ’ ಅನ್ನಿ. ಡಾಕ್ಟರಿಗೆ ಹಿಡಿಯಲು ಒಂದು ತುದಿ ಸಿಗುತ್ತದೆ.

ಡಾಕ್ಟರ ಹತ್ತಿರದಿಂದ ಹೊರಡುವ ಮೊದಲು ಇಷ್ಟು ಆಯಿತಾ ಕೇಳಿ: ಪ್ರತಿ ಕಣ್ಣಿನ ದೂರದ ಮತ್ತು ಹತ್ತಿರದ ನೋಟ, ಎರಡು ಕಣ್ಣಿನ ಹೊಂದಾಣಿಕೆ, ಡ್ರಾಪ್ಸ್ ಹಾಕಿ ನೋಡಿದ ಪವರ್, ಕಣ್ಣಿನ ಹಿಂಭಾಗದ ಪರೀಕ್ಷೆ.

ಡ್ರಾಪ್ಸ್ ಸ್ವಲ್ಪ ಉರಿಯುತ್ತದೆ. ಆಮೇಲೆ ಬಿಸಿಲು ಚುಚ್ಚುತ್ತದೆ, ಹತ್ತಿರದ ಅಕ್ಷರ ಮಸುಕಾಗುತ್ತದೆ. ಕೆಲವು ಡ್ರಾಪ್ಸ್ ಆದರೆ ಒಂದು ದಿನದಲ್ಲಿ ಸರಿಹೋಗುತ್ತದೆ. ಚಿಕ್ಕ ಮಕ್ಕಳಿಗೆ ಕೊಡುವ ಅಟ್ರೋಪಿನ್ ಆದರೆ ಒಂದು ವಾರ, ಕೆಲವೊಮ್ಮೆ ಇನ್ನೂ ಜಾಸ್ತಿ ಹಿಡಿಯುತ್ತದೆ. ಪರೀಕ್ಷೆಯ ವಾರದಲ್ಲಿ ಹೋಗಬೇಡಿ. ಅಟ್ರೋಪಿನ್ ಮನೆಗೆ ಕೊಟ್ಟರೆ ಮಕ್ಕಳ ಕೈಗೆ ಸಿಗದಂತೆ ಇಡಿ. ಹಾಕಿದ ಮೇಲೆ ಮುಖ ಕೆಂಪಾಗಿ ಜ್ವರ ಬಂದರೆ, ಎದೆಬಡಿತ ಜೋರಾದರೆ ನಿಲ್ಲಿಸಿ, ತಕ್ಷಣ ಡಾಕ್ಟರಿಗೆ ತಿಳಿಸಿ.

## ಹಂತ 6: ಕನ್ನಡಕ ಮೂಗಿನ ಮೇಲೆ ನಿಲ್ಲಬೇಕು

ಲೆನ್ಸ್ ಗಾಜಿನದು ಬೇಡ, ಸುಲಭಕ್ಕೆ ಒಡೆಯದ ಪಾಲಿಕಾರ್ಬೊನೇಟ್ ಕೇಳಿ. ಕಣ್ಣಿನ ಪಾಪೆ ಲೆನ್ಸಿನ ನಡುವೆ ಬರಬೇಕು. ಜಾರಿ ಮೂಗಿನ ತುದಿಗೆ ಬಂದರೆ ಮಗು ಫ್ರೇಮಿನ ಮೇಲಿಂದ ನೋಡುತ್ತದೆ. ಆ ಕನ್ನಡಕ ಇದ್ದೂ ಇಲ್ಲದ ಹಾಗೆ.

ಮೊದಲ ಒಂದೆರಡು ವಾರ ದೂರು ಬರುತ್ತದೆ. ಸಿಲಿಂಡರ್ ಪವರ್ (ಕಣ್ಣಿನ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದಿದ್ದಾಗ ಕೊಡುವ ನಂಬರ್) ಇದ್ದರೆ ನೆಲ ಓರೆಯಾಗಿ ಕಾಣಬಹುದು. ಪ್ಲಸ್ ಪವರ್ ಇದ್ದರೆ ‘ಹಾಕಿದರೇ ಮಸುಕು’ ಅನ್ನಬಹುದು. ಇಷ್ಟು ವರ್ಷ ಬಿಗಿ ಹಿಡಿದ ಸ್ನಾಯು ಒಂದೇ ದಿನಕ್ಕೆ ಸಡಿಲವಾಗುವುದಿಲ್ಲ. ಬಹಳ ಜನ ಸೋಲುವುದು ಇಲ್ಲೇ. ‘ನಂಬರ್ ತಪ್ಪಾಗಿದೆ’ ಅಂತ ಡ್ರಾಯರಿಗೆ ಹಾಕಿಬಿಡುತ್ತಾರೆ. ಎರಡು ವಾರ ಬಿಡದೆ ಹಾಕಿಸಿ, ಆಗಲೂ ದೂರು ಇದ್ದರೆ ಮತ್ತೆ ತೋರಿಸಿ.

ಕನ್ನಡಕ ಹಾಕಿದರೆ ಕಣ್ಣು ಇನ್ನೂ ಹಾಳಾಗುತ್ತದೆ ಅನ್ನುವ ಮಾತಿಗೆ ಕಿವಿ ಕೊಡಬೇಡಿ. ಬೇಕಂತಲೇ ಕಡಿಮೆ ಮೈನಸ್ ಪವರ್ ಹಾಕಿಸಿದರೆ ನಂಬರ್ ಏರುವುದು ನಿಲ್ಲುವುದೂ ಇಲ್ಲ.

ಅಮೆರಿಕದ ಬಾಲ್ಟಿಮೋರ್ ನಗರದ ಶಾಲೆಗಳಲ್ಲಿ ಕನ್ನಡಕ ಕೊಟ್ಟು ನಡೆಸಿದ ಒಂದು ದೊಡ್ಡ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಮೊದಲ ವರ್ಷ ಮಕ್ಕಳ ಓದಿನ ಅಂಕ ಏರಿತ್ತು, ತೀರಾ ಹಿಂದಿದ್ದ ಮಕ್ಕಳಿಗೆ ಜಾಸ್ತಿ ಲಾಭವಾಗಿತ್ತು. ಎರಡನೇ ವರ್ಷಕ್ಕೆ ಆ ಲಾಭ ಉಳಿಯಲಿಲ್ಲ. ಕನ್ನಡಕ ಹಾಕುವುದು ಕಡಿಮೆಯಾಗಿದ್ದು, ಮುರಿದದ್ದು, ಕಳೆದದ್ದು ಕಾರಣ ಇರಬಹುದು ಎಂದು ಅಧ್ಯಯನ ಮಾಡಿದವರು ಹೇಳಿದರು. ಸಾಧ್ಯವಾದರೆ ಇನ್ನೊಂದು ಜೊತೆ ಮಾಡಿಸಿ ಶಾಲೆಯಲ್ಲೇ ಇಡಿ.

## ಹಂತ 7: ಪ್ಯಾಚ್ ಹೇಳಿದ್ದರೆ ಮಾತ್ರ

ಒಂದು ಕಣ್ಣು ಹಿಂದೆ ಬಿದ್ದು ಮಿದುಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದರೆ ಅದು ಸೋಮಾರಿ ಕಣ್ಣು. ಇದಕ್ಕೆ ವಯಸ್ಸು ಮುಖ್ಯ. ಏಳು ವರ್ಷದೊಳಗೆ ಚಿಕಿತ್ಸೆ ಶುರುವಾದರೆ ಫಲ ಜಾಸ್ತಿ. ವಯಸ್ಸು ದಾಟಿದ ಮಕ್ಕಳಲ್ಲೂ ಸ್ವಲ್ಪ ಸುಧಾರಿಸುವುದುಂಟು, ಹಾಗಾಗಿ ಕೈಬಿಡಬೇಡಿ.

ಕೆಲವರಿಗೆ ಕನ್ನಡಕ ಒಂದರಿಂದಲೇ ನೋಟ ಏರುತ್ತದೆ. ಉಳಿದವರಿಗೆ ಒಳ್ಳೆಯ ಕಣ್ಣಿಗೆ ಪ್ಯಾಚ್ ಹಾಕಬೇಕು. ತೀರಾ ಹೆಚ್ಚಿಲ್ಲದ ತೊಂದರೆಗೆ ದಿನಕ್ಕೆ 2 ಗಂಟೆಯಿಂದ ಶುರು ಮಾಡುವುದು ಸಾಮಾನ್ಯ. ಪ್ಯಾಚನ್ನು ಕನ್ನಡಕದ ಗಾಜಿಗೆ ಅಂಟಿಸಬೇಡಿ, ಬದಿಯಿಂದ ಇಣುಕುತ್ತಾರೆ. ಚರ್ಮಕ್ಕೆ ಅಂಟಿಸಿ, ಮೇಲೆ ಕನ್ನಡಕ ಹಾಕಿ. ಬೇಗ ಸರಿಹೋಗಲಿ ಅಂತ ಗಂಟೆ ಜಾಸ್ತಿ ಮಾಡಬೇಡಿ. ಒಳ್ಳೆಯ ಕಣ್ಣೇ ಮಂಕಾಗುವ ಅಪಾಯ ಇದೆ. ಹೇಳಿದ ದಿನಕ್ಕೆ ಮರುಪರೀಕ್ಷೆಗೆ ಹೋಗಿ.

## ಹಂತ 8: ಶಾಲೆಗೆ ಒಂದು ಚೀಟಿ

ಟೀಚರಿಗೆ ನಾಲ್ಕು ಸಾಲು ಬರೆದುಕೊಡಿ: ಕನ್ನಡಕ ಯಾವಾಗ ಹಾಕಬೇಕು, ಎಲ್ಲಿ ಕೂರಿಸಬೇಕು, ಎಷ್ಟು ದಿನ. ಮುಂದಿನ ಬೆಂಚು ಚಿಕಿತ್ಸೆ ಅಲ್ಲ, ಅದೊಂದನ್ನೇ ನೆಚ್ಚಿಕೊಂಡರೆ ತೊಂದರೆ ಮುಚ್ಚಿಹೋಗುತ್ತದೆ.

ಬಣ್ಣದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕೆಂಪು–ಹಸಿರು ಗುರುತಿಸಲಾಗದ ತೊಂದರೆ ಹುಡುಗರಲ್ಲಿ ಹುಡುಗಿಯರಿಗಿಂತ ತುಂಬಾ ಜಾಸ್ತಿ. ಹುಟ್ಟಿನಿಂದಲೇ ಬರುವ ಇದಕ್ಕೆ ವಾಸಿ ಮಾಡುವ ಔಷಧಿ ಇಲ್ಲ. ಹಸಿರು ಬೋರ್ಡ್ ಮೇಲೆ ಕೆಂಪು ಚಾಕ್ ಬಳಸಬೇಡಿ ಅಂತ ಕೇಳಿಕೊಳ್ಳಿ, ಕ್ರೇಯಾನ್ ಮೇಲೆ ಬಣ್ಣದ ಹೆಸರು ಬರೆದು ಅಂಟಿಸಿ.

## ಹಂತ 9: ಆರೆಂಟು ವಾರದ ಮೇಲೆ ಹಂತ 2ನ್ನು ಮತ್ತೆ ಮಾಡಿ

ಕನ್ನಡಕ ಬಂದ ಮರುವಾರವೇ ಮಾರ್ಕ್ಸ್ ಏರಬೇಕು ಅಂತ ಕಾಯಬೇಡಿ. ಕಾಣದೆ ಕಳೆದ ದಿನಗಳ ಪಾಠ ಕನ್ನಡಕದಿಂದ ವಾಪಸ್ ಬರುವುದಿಲ್ಲ. ಅದನ್ನು ಕೂತು ಕಲಿಸಬೇಕು. ಟ್ಯೂಷನ್ ಬೇಕಿದ್ದರೆ ಅದಕ್ಕೆ ಸರಿಯಾದ ಜಾಗ ಇದು.

ಹೊಸ ನೋಟ್‌ಬುಕ್‌ಗಳನ್ನು ಹಳೆಯವುಗಳ ಪಕ್ಕ ಇಡಿ. ನೋಡಿ ಬರೆದ ತಪ್ಪುಗಳು ಕಡಿಮೆಯಾಗಿ ಉಕ್ತಲೇಖನದ ತಪ್ಪು ಹಾಗೇ ಉಳಿದಿದ್ದರೆ, ಕಲಿಕೆಯ ತೊಂದರೆಗೆ ಬೇರೆ ತಪಾಸಣೆ ಮಾಡಿಸಿ. ಓದು ಬರಹದಲ್ಲಿ ಎಡವಿಸುವ ಡಿಸ್ಲೆಕ್ಸಿಯಾ ಅನ್ನುವ ಕಲಿಕೆಯ ತೊಂದರೆ ಕಣ್ಣಿನ ಕಾಯಿಲೆ ಅಲ್ಲ. ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮದಿಂದ ಅದು ವಾಸಿಯಾಗುವುದಿಲ್ಲ. ಎರಡು ಕಣ್ಣು ಒಂದೆಡೆ ನಿಲ್ಲದ ತೊಂದರೆಗೆ ತಜ್ಞರ ಬಳಿ ಮಾಡಿಸುವ ವ್ಯಾಯಾಮ ಕೆಲಸ ಮಾಡುತ್ತದೆ ನಿಜ. ಆದರೆ 2019ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಲ್ಲಿ ಆ ವ್ಯಾಯಾಮ ಮಾಡಿದ ಮಕ್ಕಳ ಓದಿನ ಗ್ರಹಿಕೆ, ಹೆಸರಿಗೆ ಮಾತ್ರ ಚಿಕಿತ್ಸೆ ಪಡೆದ ಮಕ್ಕಳಿಗಿಂತ ಹೆಚ್ಚೇನೂ ಸುಧಾರಿಸಲಿಲ್ಲ. ಕಣ್ಣಿನ ದಣಿವು ಹೋಗಲಿ ಅಂತ ಮಾಡಿಸಿ, ಮಾರ್ಕ್ಸ್ ಬರಲಿ ಅಂತ ಅಲ್ಲ.

## ಹಂತ 10: ಮುಂದಿನ ತಾರೀಖು

ಕನ್ನಡಕ ಇರುವ ಮಗುವಿಗೆ ಕನಿಷ್ಠ ವರ್ಷಕ್ಕೊಮ್ಮೆ, ಮೈನಸ್ ಪವರ್ ಏರುತ್ತಿದ್ದರೆ ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಪರೀಕ್ಷೆ ಬೇಕು. ದಿನಕ್ಕೆ ಎರಡು ಗಂಟೆಯಷ್ಟು ಹೊರಗಿನ ಬೆಳಕಿನಲ್ಲಿ ಆಡಿಸಿ. ಮೈನಸ್ ಪವರ್ ಶುರುವಾಗುವ ಸಾಧ್ಯತೆಯನ್ನು ಅದು ಕಡಿಮೆ ಮಾಡುತ್ತದೆ. ತಮ್ಮ ತಂಗಿಯರನ್ನೂ ಒಮ್ಮೆ ತೋರಿಸಿ.

ತಾರೀಖಿಗೆ ಮೊದಲೇ 6 ಮತ್ತೆ 8 ಆಗತೊಡಗಿದರೆ ಅಲ್ಲಿವರೆಗೆ ಕಾಯಬೇಡಿ. ನನ್ನ ಮಗನದು ಐದನೇ ತಿಂಗಳಿಗೇ ಶುರುವಾಯಿತು. ಈ ಸಲ ಅದನ್ನು ಹಿಡಿದದ್ದು ಅವನೇ: ‘ಅಪ್ಪಾ, ಬೋರ್ಡ್ ಮತ್ತೆ ಹಳೇ ಥರ ಆಗ್ತಿದೆ.’